ಅಕ್ಕನ ಕರೆಂಟ್ ಬಿಲ್ಲಿನ ಎರಡು ಸಾಲು

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಮ್ಮ ಅಕ್ಕನ ಮನೆ ಇದೆ. ಅಲ್ಲಿಗೆ ಹೋದಾಗ ಫ್ರಿಜ್ ಮೇಲೆ ಸಿಕ್ಕಿಸಿದ್ದ ಕರೆಂಟ್ ಬಿಲ್ ಓದುತ್ತಾ ನಿಂತುಬಿಟ್ಟೆ. ನನಗೆ ಅದೊಂದು ಚಟ. ಬೆಂಗಳೂರಿನಲ್ಲಿ ಬೆಸ್ಕಾಂ ಬಿಲ್ ಬಂದರೂ ಕೊನೆಯ ಮೊತ್ತ ನೋಡಿ ಸುಮ್ಮನಾಗೋನಲ್ಲ ನಾನು. ಅಕ್ಕನ ಬಿಲ್ಲಿನಲ್ಲಿ ಎರಡು ಸಾಲು ಕಣ್ಣಿಗೆ ಬಿದ್ದವು. ಒಂದು ಪ್ರಸರಣ ಶುಲ್ಕ, ಅಂದರೆ ದೊಡ್ಡ ಟವರ್ ಲೈನುಗಳ ಖರ್ಚು. ಇನ್ನೊಂದು ಇಂಧನ ದಕ್ಷತೆಯ ಶುಲ್ಕ. ಎರಡೂ ಯೂನಿಟ್‌ಗೆ ಇಷ್ಟು ಅಂತ.

“ಈ ಎರಡನೇದು ಯಾಕೆ ಕಟ್ತೀಯಾ?” ಅಂದೆ.

“ಹಿಂದೆ ಒಬ್ಬರು ಬಂದು ಮನೆಯ ಬಲ್ಬೆಲ್ಲ ಬದಲಿಸಿ ಹೋದ್ರಲ್ಲ, ಆಮೇಲೆ ಅಟ್ಟಕ್ಕೆ ಏನೋ ತುಂಬಿಸಿದ್ರಲ್ಲ, ಅದರ ದುಡ್ಡು” ಅಂದಳು ಅಕ್ಕ.

“ಅರ್ಧಕ್ಕಿಂತ ಜಾಸ್ತಿ ಅವರೇ ಹಾಕಿದ್ರು” ಅಂತ ಭಾವ ಸೇರಿಸಿದರು.

“ಅವರು ಅಂದ್ರೆ ಯಾರು? ನಾವೇ ತಾನೆ ಕಟ್ಟಿರೋದು!” ಅಂದಳು ಅಕ್ಕ.

ಅಟ್ಟ ಹತ್ತಿ ನೋಡಿದೆ. ಬೂದು ಬಣ್ಣದ ಚೂರು, ಹಳೆ ಪೇಪರ್ ಅರೆದು ಮಾಡಿದ್ದು, ತೊಲೆಗಳು ಮುಚ್ಚಿಹೋಗುವಷ್ಟು ದಪ್ಪ ಹರಡಿತ್ತು. ದಪ್ಪ ಪೈಪಿನಲ್ಲಿ ಊದಿ ತುಂಬುತ್ತಾರಂತೆ. ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗಲ್ಲ, ಬೇಸಿಗೆಯಲ್ಲಿ ಹೊರಗಿನ ಸೆಕೆ ಒಳಗೆ ಬರಲ್ಲ.

ಈಗ ಬಿಲ್ಲಿನ ಆ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಸಾಲಿನ ದುಡ್ಡು ಬಳಕೆ ಇಳಿಸೋಕೆ ಹೋಗುತ್ತದೆ. ಇನ್ನೊಂದು ಸಾಲಿನ ದುಡ್ಡು, ಬಳಕೆ ಏರುತ್ತದೆ ಅಂತ ಹೊಸ ಲೈನ್ ಎಳೆಯೋಕೆ ಹೋಗುತ್ತದೆ. ಉಳಿತಾಯದ ಸಾಲು ಕೆಲಸ ಮಾಡಿದರೆ ಲೈನಿನ ಸಾಲು ಸ್ವಲ್ಪವಾದರೂ ಕಮ್ಮಿ ಆಗಬೇಕು ಅಲ್ವಾ? ಆಗಬೇಕು. ಆದರೆ ಅದಕ್ಕೆ ಬದಲಾದ ಬಲ್ಬು, ತುಂಬಿದ ಅಟ್ಟ ಲೈನ್ ಯೋಜನೆ ಹಾಕುವವರ ಕಂಪ್ಯೂಟರಿಗೆ ಕಾಣಿಸಬೇಕು. 2012ರವರೆಗೆ ಅವು ಅರೆಬರೆ ಮಾತ್ರ ಕಾಣಿಸುತ್ತಿದ್ದವು.

ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ರೋಡ್ ಐಲೆಂಡ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಈ ಆರು ರಾಜ್ಯಗಳಿಗೆ ನ್ಯೂ ಇಂಗ್ಲೆಂಡ್ ಅನ್ನುತ್ತಾರೆ. ಆರಕ್ಕೂ ಒಂದೇ ಗ್ರಿಡ್. ಅದನ್ನು ನಡೆಸೋದು 1997ರಲ್ಲಿ ಶುರುವಾದ ಐಎಸ್‌ಒ ನ್ಯೂ ಇಂಗ್ಲೆಂಡ್ ಅನ್ನುವ ಸಂಸ್ಥೆ. ಲೈನೂ ಅದರದ್ದಲ್ಲ, ಪವರ್ ಪ್ಲಾಂಟೂ ಅದರದ್ದಲ್ಲ. ಯಾವ ಗಳಿಗೆಯಲ್ಲಿ ಯಾರು ಎಷ್ಟು ಕರೆಂಟ್ ತಯಾರಿಸಬೇಕು, ಮುಂದಿನ 10 ವರ್ಷದಲ್ಲಿ ಎಲ್ಲಿ ಲೈನ್ ಸಾಲದೆ ಬರುತ್ತದೆ ಅಂತ ನೋಡಿಕೊಳ್ಳೋದು ಅದರ ಕೆಲಸ.

ಇಲ್ಲಿ ಒಂದು ವಿಷಯ ಗೊತ್ತಿರಲಿ. ಲೈನನ್ನು ಯಾರೂ ಸರಾಸರಿ ದಿನಕ್ಕೆ ಕಟ್ಟೋದಿಲ್ಲ. ಮದುವೆ ಛತ್ರದ ಊಟದ ಹಾಲ್ ಇದ್ದ ಹಾಗೆ. ವರ್ಷದಲ್ಲಿ ಬಹಳ ದಿನ ಖಾಲಿ ಇದ್ದರೂ ಮುಹೂರ್ತದ ದಿನದ ಪಂಕ್ತಿಗೆ ಜಾಗ ಇರಲೇಬೇಕು. ನ್ಯೂ ಇಂಗ್ಲೆಂಡಿನ ಅಂಥ ಮುಹೂರ್ತ ಬಂದದ್ದು 2006ರ ಆಗಸ್ಟ್ 2ರಂದು. ಸೆಕೆಗೆ ಎಲ್ಲರೂ ಎಸಿ ಹಾಕಿಕೊಂಡು ಕೂತಿದ್ದಾಗ ಬೇಡಿಕೆ 28,130 ಮೆಗಾವಾಟ್ ಮುಟ್ಟಿತು. ಆ ದಾಖಲೆ ಇನ್ನೂ ಮುರಿದಿಲ್ಲ. ಹೋಲಿಕೆಗೆ ಬೇಕಾದರೆ, ಇಡೀ ಕರ್ನಾಟಕದ ಗರಿಷ್ಠ ಬೇಡಿಕೆ ಈಚೆಗೆ 18,000 ಮೆಗಾವಾಟ್ ದಾಟಿದೆ.

ಯೋಜನೆ ಹಾಕುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹತ್ತು ವರ್ಷಕ್ಕೊಮ್ಮೆ ಬರುವಂಥ ಸುಡುಬೇಸಿಗೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ದಿನವೇ ಒಂದು ದೊಡ್ಡ ಲೈನ್ ಕೈಕೊಟ್ಟಿತು ಅಂದುಕೊಳ್ಳುತ್ತಾರೆ. ಅದನ್ನು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಹೋಯಿತು ಅಂದುಕೊಳ್ಳುತ್ತಾರೆ. ಆಗ ಉಳಿದ ಯಾವ ಲೈನ್ ಮೇಲೆ ಮಿತಿಮೀರಿದ ಭಾರ ಬೀಳುತ್ತದೆ, ಎಲ್ಲಿ ವೋಲ್ಟೇಜ್ ಕುಸಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಕೆಂಪು ಬಣ್ಣ ಬಂದ ಕಡೆ ಹೊಸ ಲೈನೋ ಟ್ರಾನ್ಸ್‌ಫಾರ್ಮರೋ ಬೇಕು. ಇಷ್ಟೊಂದು ಅಂಜಿಕೆ ಅತಿಯಾಯಿತು ಅನ್ನಿಸಬಹುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರ ಮನೆ ಕತ್ತಲಾಗಿತ್ತು. ಅದನ್ನು ಕಂಡವರು ಅತಿ ಅನ್ನಲ್ಲ.

ಇಷ್ಟೆಲ್ಲ ಲೆಕ್ಕದ ಬುಡದಲ್ಲಿ ಇರೋದು ಒಂದೇ ಸಂಖ್ಯೆ. ಹತ್ತು ವರ್ಷ ಬಿಟ್ಟು ಆ ಸುಡುಬಿಸಿಲಿನ ಗಂಟೆಯಲ್ಲಿ ಜನ ಎಷ್ಟು ಕರೆಂಟ್ ಕೇಳುತ್ತಾರೆ? ಅದು ತಪ್ಪಿದರೆ ಮೇಲಿನದೆಲ್ಲ ತಪ್ಪು.

ಈಗ ಉಳಿತಾಯದ ಕಡೆ ಬನ್ನಿ. ಆ ಭಾಗದ ರಾಜ್ಯಗಳು ಇದರಲ್ಲಿ ಕೈಬಿಚ್ಚಿ ಖರ್ಚು ಮಾಡುತ್ತವೆ. ವರ್ಮಾಂಟ್ 2000ದಲ್ಲೇ ಎಫಿಷಿಯೆನ್ಸಿ ವರ್ಮಾಂಟ್ ಅನ್ನುವ ಏರ್ಪಾಡು ಮಾಡಿತು. ಕರೆಂಟ್ ಮಾರುವ ಕಂಪನಿ ಇದ್ದ ಹಾಗೆ ಇದು ಕರೆಂಟ್ ಉಳಿಸುವ ಕಂಪನಿ. ಮ್ಯಾಸಚೂಸೆಟ್ಸ್ 2008ರಲ್ಲಿ ಕಾನೂನು ಮಾಡಿ, ಕರೆಂಟ್ ಕೊಳ್ಳೋದಕ್ಕಿಂತ ಉಳಿಸೋದು ಅಗ್ಗ ಆಗುವ ಕಡೆಯೆಲ್ಲ ಮೊದಲು ಉಳಿಸಬೇಕು ಅಂದಿತು. ಗ್ರಿಡ್ ಸಂಸ್ಥೆಯೂ ಇದಕ್ಕೆ ಬಾಗಿಲು ಹಾಕಿರಲಿಲ್ಲ. ಮೂರು ವರ್ಷ ಮುಂಚಿತವಾಗಿ ವಿದ್ಯುತ್ ಸಾಮರ್ಥ್ಯ ಕೊಳ್ಳುತ್ತಿದ್ದ ಅದರ ಹರಾಜು 2008ರ ಫೆಬ್ರವರಿಯಲ್ಲಿ ಮೊದಲ ಸಲ ನಡೆದಾಗ, ಪವರ್ ಪ್ಲಾಂಟುಗಳ ಜೊತೆ ಉಳಿತಾಯದವರೂ ಕೂಗಬಹುದಿತ್ತು. “ನಾವು 50 ಮೆಗಾವಾಟ್ ತಯಾರಿಸುತ್ತೇವೆ” ಅಂತ ಒಬ್ಬರು. “ನಾವು 50 ಮೆಗಾವಾಟ್ ಬೇಡದ ಹಾಗೆ ಮಾಡುತ್ತೇವೆ” ಅಂತ ಇನ್ನೊಬ್ಬರು. ಇಬ್ಬರಿಗೂ ಒಂದೇ ದರ. ನನಗೆ ಇದು ಬಹಳ ಹಿಡಿಸಿದ ಯೋಚನೆ.

ಆದರೆ ಹರಾಜಿನ ದೃಷ್ಟಿ ಆಗ ಹೋಗುತ್ತಿದ್ದದ್ದು ಮೂರು ನಾಲ್ಕು ವರ್ಷ ಮಾತ್ರ. ಲೈನ್ ಯೋಜನೆಯ ದೃಷ್ಟಿ 10 ವರ್ಷ. ಹರಾಜಿನಲ್ಲಿ ಒಪ್ಪಿಕೊಂಡ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅಲ್ಲಿಂದ ಮುಂದಿನ ವರ್ಷಗಳಿಗೆ ಅದೇ ಸಂಖ್ಯೆ ಹಾಗೇ ನಿಲ್ಲುತ್ತಿತ್ತು. ನಾಲ್ಕನೇ ವರ್ಷವಾದ ಮೇಲೆ ಆರು ರಾಜ್ಯಗಳಲ್ಲಿ ಒಂದು ಬಲ್ಬೂ ಬದಲಾಗಲ್ಲ, ಒಂದು ಅಟ್ಟವೂ ತುಂಬಲ್ಲ ಅಂದುಕೊಂಡ ಹಾಗಾಯಿತು. ಬೇಡಿಕೆ ಮಾತ್ರ ವರ್ಷವರ್ಷ ಏರುತ್ತಲೇ ಹೋಗುತ್ತಿತ್ತು. ನಮ್ಮ ಅಕ್ಕ ಉಳಿತಾಯಕ್ಕೂ ದುಡ್ಡು ಕಟ್ಟುತ್ತಿದ್ದಳು. ಆ ಉಳಿತಾಯ ಆಗೋದೇ ಇಲ್ಲ ಅನ್ನುವ ಲೆಕ್ಕದ ಮೇಲೆ ಹಾಕುವ ಲೈನಿಗೂ ಕಟ್ಟುತ್ತಿದ್ದಳು.

ರಾಜ್ಯಗಳು ತಕರಾರು ತೆಗೆದವು. ಎಂಜಿನಿಯರುಗಳ ಅಳುಕೂ ಸುಳ್ಳಲ್ಲ. ಉಳಿತಾಯದ ಬಜೆಟ್ಟನ್ನು ನಾಳೆ ಇನ್ನೊಂದು ಸರ್ಕಾರ ಕತ್ತರಿಸಬಹುದು. ಪವರ್ ಪ್ಲಾಂಟ್ ಕಣ್ಣಿಗೆ ಕಾಣುತ್ತದೆ, ಮೀಟರ್ ತೋರಿಸುತ್ತದೆ. ಬಳಸದೆ ಉಳಿದ ಕರೆಂಟನ್ನು ಯಾವ ಮೀಟರ್ ತೋರಿಸುತ್ತದೆ? ಲೈನ್ ಸುಮ್ನೆ ಜಾಸ್ತಿ ಕಟ್ಟಿದರೆ ಎಲ್ಲರ ಬಿಲ್ಲಿನಲ್ಲಿ ನಾಲ್ಕು ಕಾಸು ಏರುತ್ತದೆ, ಯಾರೂ ಎಂಜಿನಿಯರ ಹೆಸರು ಹಿಡಿದು ಬೈಯಲ್ಲ. ಕಮ್ಮಿ ಕಟ್ಟಿ ಊರು ಕತ್ತಲಾದರೆ ಬೈಗುಳವೆಲ್ಲ ಅವರಿಗೇ.

ಕೊನೆಗೆ ಐಎಸ್‌ಒ, ರಾಜ್ಯಗಳ ಜನರನ್ನು ಸೇರಿಸಿಕೊಂಡು ಒಂದು ಲೆಕ್ಕದ ದಾರಿ ಮಾಡಿತು. 2012ರಲ್ಲಿ ಮೊದಲ ಸಲ ದೂರದ ವರ್ಷಗಳ ಉಳಿತಾಯದ ಅಂದಾಜು ಹೊರಬಂತು. ಆ ವಿಧಾನ ನಮ್ಮ ಮನೆಖರ್ಚಿನ ಲೆಕ್ಕದಷ್ಟೇ ಸರಳ. ಸುಮ್ನೆ ಒಂದು ಉದಾಹರಣೆ ಹಾಕುತ್ತೇನೆ, ಸಂಖ್ಯೆಗಳು ನನ್ನವು. ಒಂದು ರಾಜ್ಯ ವರ್ಷಕ್ಕೆ 10 ಕೋಟಿ ಡಾಲರ್ ಉಳಿತಾಯದ ಕೆಲಸಕ್ಕೆ ಇಟ್ಟಿದೆ ಅಂದುಕೊಳ್ಳಿ. ಇಟ್ಟ ದುಡ್ಡೆಲ್ಲ ಖರ್ಚಾಗಲ್ಲ, ಹತ್ತರಲ್ಲಿ ಒಂದು ಪಾಲು ಕಳೆಯೋಣ. 9 ಕೋಟಿ ಉಳಿಯಿತು. ವರ್ಷಕ್ಕೆ ಒಂದು ಯೂನಿಟ್ ಉಳಿಸುವಂಥ ಕೆಲಸಕ್ಕೆ ಅಲ್ಲಿ 40 ಸೆಂಟ್ ಬೀಳುತ್ತದೆ ಅನ್ನೋಣ. ಅಲ್ಲಿಗೆ 22.5 ಕೋಟಿ ಯೂನಿಟ್. ಈ ಉಳಿತಾಯ ವರ್ಷದ 8,760 ಗಂಟೆಗೂ ಸಮನಾಗಿ ಹಂಚಿಹೋದರೆ ಪ್ರತಿ ಗಂಟೆಗೆ ಸುಮಾರು 26 ಮೆಗಾವಾಟ್ ಭಾರ ಇಳಿದ ಹಾಗೆ.

ಆದರೆ ಸಮನಾಗಿ ಹಂಚಿಹೋಗಲ್ಲ. ಇಲ್ಲೇ ಇರೋದು ಸ್ವಾರಸ್ಯ. ಮಲಗುವ ಕೋಣೆಯ 60 ವಾಟಿನ ಬಲ್ಬ್ ತೆಗೆದು 9 ವಾಟಿನ ಎಲ್‌ಇಡಿ ಹಾಕಿದರೆ 51 ವಾಟ್ ಉಳಿಯಿತು. ಯಾವಾಗ? ರಾತ್ರಿ. ಬೇಸಿಗೆಯ ಮಧ್ಯಾಹ್ನ ಆ ಬಲ್ಬ್ ಮೊದಲೇ ಆರಿರುತ್ತದೆ. ಪೀಕಿಗೆ, ಅಂದರೆ ಬೇಡಿಕೆ ತುತ್ತತುದಿ ಮುಟ್ಟುವ ಗಂಟೆಗೆ, ಅದರಿಂದ ಏನೂ ಬರಲ್ಲ. ಆಫೀಸಿನ ಬಲ್ಬ್ ಬದಲಿಸಿದರೆ ಮಧ್ಯಾಹ್ನವೇ ಉಳಿತಾಯ. ಹಳೆ ಎಸಿ ತೆಗೆದು ಒಳ್ಳೆಯದು ಹಾಕಿದರೆ ಸರಿಯಾಗಿ ಆ ಸುಡುಗಂಟೆಯಲ್ಲೇ ಉಳಿತಾಯ. ಹೀಗೆ ಯಾವ ಕೆಲಸಕ್ಕೆ ಎಷ್ಟು ಅಂತ ತೂಗಿ, ಯೂನಿಟ್ ಲೆಕ್ಕವನ್ನು ಪೀಕಿನ ಮೆಗಾವಾಟಿಗೆ ಬದಲಿಸುವ ಒಂದು ಅನುಪಾತ ಇಟ್ಟುಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ 26ರ ಬದಲು 34 ಬರಬಹುದು. ಆಮೇಲೆ ಇನ್ನೊಂದು ಕಡಿತ. ಸುಲಭದ ಕೆಲಸ ಮೊದಲೇ ಮುಗಿದುಹೋಗುವುದರಿಂದ ವರ್ಷ ಕಳೆದ ಹಾಗೆ ಯೂನಿಟ್ ಉಳಿಸುವ ಖರ್ಚು ಏರುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಅಷ್ಟೇ ದುಡ್ಡಿಗೆ ಮುಂದಿನ ವರ್ಷ ಉಳಿತಾಯ ಸ್ವಲ್ಪ ಕಮ್ಮಿ.

ಇದರಲ್ಲಿ ಒಂದು ಹಳ್ಳ ಇದೆ, ಗೊತ್ತಿದ್ದವರೂ ಬೀಳುತ್ತಾರೆ. ಮುಂದಿನ ಬೇಡಿಕೆಯನ್ನು ಅಂದಾಜು ಮಾಡೋದು ಹಿಂದಿನ ಬಳಕೆ ನೋಡಿ. ಆದರೆ ಹಿಂದಿನ ಬಳಕೆಯಲ್ಲಿ ಹಿಂದಿನ ಉಳಿತಾಯ ಆಗಲೇ ಸೇರಿಕೊಂಡಿದೆಯಲ್ಲ. ಎಂಟು ವರ್ಷದಿಂದ ಜನ ಬಲ್ಬ್ ಬದಲಿಸುತ್ತಿದ್ದರೆ ಬೇಡಿಕೆಯ ಗೆರೆ ಆಗಲೇ ಬಾಗಿರುತ್ತದೆ. ಆ ಬಾಗಿದ ಗೆರೆಯನ್ನೇ ಮುಂದಕ್ಕೆ ಎಳೆದು, ಅದರಲ್ಲಿ ಮತ್ತೆ ಉಳಿತಾಯ ಕಳೆದರೆ ಒಂದನ್ನೇ ಎರಡು ಸಲ ಕಳೆದಂತಾಯಿತು. ಬಟ್ಟೆ ಅಂಗಡಿಯಲ್ಲಿ ರಿಯಾಯಿತಿ ಕಳೆದು ಬರೆದ ಬೆಲೆಯ ಮೇಲೆ ಮತ್ತೆ ಅದೇ ರಿಯಾಯಿತಿ ಕೇಳಿದ ಹಾಗೆ. ಅದಕ್ಕೇ ಅವರು ಮೊದಲು ಹಿಂದಿನ ಉಳಿತಾಯವನ್ನು ಬಳಕೆಗೆ ವಾಪಸ್ ಕೂಡುತ್ತಾರೆ. ಉಳಿತಾಯವೇ ಆಗದಿದ್ದರೆ ಎಷ್ಟಿರುತ್ತಿತ್ತು ಅನ್ನುವ ಗೆರೆ ಎಳೆಯುತ್ತಾರೆ. ಆಮೇಲೆ ಹಳೆಯದು, ಹೊಸದು ಎರಡನ್ನೂ ಒಂದೇ ಸಲ ಕಳೆಯುತ್ತಾರೆ. ಎಂದೂ ಆಗದೇ ಇದ್ದ ಬಳಕೆಯನ್ನು ಕೂಡೋದು ವಿಚಿತ್ರ ಅನ್ನಿಸುತ್ತದೆ. ಆದರೆ ಲೆಕ್ಕ ಸರಿಹೋಗೋದು ಹಾಗೆ.

ಹೀಗೆ ಹಾಕಿದ ಲೆಕ್ಕದಲ್ಲಿ ಆರು ರಾಜ್ಯಗಳಿಂದ ವರ್ಷಕ್ಕೆ ಸುಮಾರು 200 ಮೆಗಾವಾಟ್ ಪೀಕ್ ಹೊಸದಾಗಿ ಇಳಿಯುತ್ತದೆ ಅಂತ ಬಂತು. ವರ್ಷದ ಒಟ್ಟು ಬಳಕೆಯ ಗೆರೆ ಏರೋದು ಬಿಟ್ಟು ಹೆಚ್ಚುಕಮ್ಮಿ ಮಲಗಿಬಿಟ್ಟಿತು. ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್‌ಗೆ ಹಾಕಿದ್ದ ಲೈನ್ ಯೋಜನೆಯನ್ನು ಈ ಸಂಖ್ಯೆ ಹಿಡಿದು ಮತ್ತೊಮ್ಮೆ ಓಡಿಸಿದರು. ಹಿಂದೆ ಕೆಂಪಾಗಿದ್ದ ಜಾಗಗಳು ಕೆಲವು ಕೆಂಪಾಗಲೇ ಇಲ್ಲ. 10 ಕಾಮಗಾರಿಗಳನ್ನು ಮುಂದೂಡಿದರು. ಅವುಗಳ ಮೌಲ್ಯ 26 ಕೋಟಿ ಡಾಲರ್.

ಬಲ್ಬಿನಿಂದಲೇ ಅಷ್ಟೂ ಉಳಿಯಿತು ಅಂತ ಮಾತ್ರ ಹೇಳಬೇಡಿ. 2008ರ ಆರ್ಥಿಕ ಹಿಂಜರಿತದಿಂದಲೂ ಬೇಡಿಕೆ ಕುಗ್ಗಿತ್ತು. ಇಂಥ ಕಡೆ ಉಳಿದ ದುಡ್ಡಿಗೆ ಹಕ್ಕುದಾರರು ಯಾವಾಗಲೂ ಜಾಸ್ತಿ. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಗ್ರಿಡ್ ಸಂಸ್ಥೆ 18 ಲೈನ್ ಯೋಜನೆಗಳನ್ನು ಕೈಬಿಟ್ಟು 21ನ್ನು ಬದಲಿಸಿ, 260 ಕೋಟಿ ಡಾಲರ್ ಉಳಿಯಿತು ಅಂದಿತು. ಅಲ್ಲಿ ಉಳಿತಾಯದ ಜೊತೆ ಮನೆ ಮೇಲಿನ ಸೋಲಾರಿನ ಪಾಲೂ ಇತ್ತು.

ನಮ್ಮಲ್ಲಿ? 2015ರಲ್ಲಿ ಎಲ್‌ಇಡಿ ಬಲ್ಬ್ ಹಂಚುವ ಉಜಾಲಾ ಯೋಜನೆ ಬಂತು, ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಅಂತ ಹೆಸರಿಟ್ಟರು. ಕೌಂಟರ್ ಮುಂದೆ ಬಿಲ್ ಹಿಡಿದು ನಿಂತು 9 ವಾಟಿನ ಎಲ್‌ಇಡಿ ತಂದವರಲ್ಲಿ ನಾನೂ ಒಬ್ಬ. ಬಲ್ಬಿನ ಲೆಕ್ಕ ಹಾಕಬಹುದು, ಎಷ್ಟು ಕೊಟ್ಟರು ಅಂತ ಗೊತ್ತಿರುತ್ತದೆ. ಪಂಪ್‌ಸೆಟ್ಟಿನದು ಕಷ್ಟ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ. ಬಹಳ ಕಡೆ ಮೀಟರೇ ಇಲ್ಲ. ಎಷ್ಟು ಬಳಸುತ್ತಿದ್ದರು ಅನ್ನೋದೇ ಅಂದಾಜು ಆದಾಗ, ಒಳ್ಳೆ ಪಂಪ್ ಹಾಕಿ ಎಷ್ಟು ಉಳಿಸಿದರು ಅನ್ನೋದು ಅಂದಾಜಿನ ಮೇಲಿನ ಅಂದಾಜು. ನ್ಯೂ ಇಂಗ್ಲೆಂಡಿನವರ ಲೆಕ್ಕ ನಿಂತಿರೋದು ಮೀಟರಿನ ಮೇಲೆ.

ಸರಿ, ಸಂಖ್ಯೆ ಸರಿಯಾಯಿತು. ಇನ್ನು ಜಾಗ ಮತ್ತು ಹೊತ್ತು. ಬಾಸ್ಟನ್ನಿನಲ್ಲಿ ಉಳಿಸಿದ ಕರೆಂಟಿನಿಂದ ವರ್ಮಾಂಟಿನ ಮೂಲೆಯ ಲೈನ್ ಹಗುರಾಗಲ್ಲ. ಅದಕ್ಕೆ 2007ರಿಂದ ಎಫಿಷಿಯೆನ್ಸಿ ವರ್ಮಾಂಟ್, ಲೈನ್ ಬಿಗಿಯಾಗಿರುವ ಸೇಂಟ್ ಆಲ್ಬನ್ಸ್‌ನಂಥ ಊರುಗಳನ್ನೇ ಆರಿಸಿ ಅಲ್ಲಿ ಜಾಸ್ತಿ ಕೆಲಸ ಮಾಡಿತು. ಇನ್ನು ಹೊತ್ತು. ಒಂದು ಬಲ್ಬ್ ಬದಲಿಸೋಕೆ ಒಂದು ನಿಮಿಷ, ಲಕ್ಷ ಮನೆಗಳಲ್ಲಿ ಬದಲಿಸೋಕೆ ವರ್ಷಗಟ್ಟಲೆ. ಮುಂದಿನ ಬೇಸಿಗೆಗೆ ಲೈನ್ ಸಾಲದು ಅಂತ ಈಗ ಹೇಳಿದರೆ ಉಳಿತಾಯದಿಂದ ಏನೂ ಮಾಡೋಕಾಗಲ್ಲ, ಟವರ್ ನೆಡಲೇಬೇಕು. ವರ್ಮಾಂಟಿನ ವಾಯುವ್ಯದಲ್ಲಿ ಒಂದು 345 ಕಿಲೋವೋಲ್ಟಿನ ಲೈನಿನ ಮೇಲೆ ದೊಡ್ಡ ಜಗಳವಾಗಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ರಾಜ್ಯ ಕಾನೂನು ಮಾಡಿತು. ಲೈನ್ ಕಂಪನಿ 20 ವರ್ಷ ಮುಂದಿನ ಚಿತ್ರ ಬರೆದು, ಮೂರು ವರ್ಷಕ್ಕೊಮ್ಮೆ ತಿದ್ದಿ, ಊರಿಗೆಲ್ಲ ತೋರಿಸಬೇಕು. ತೊಂದರೆ ದೂರದಲ್ಲಿರುವಾಗಲೇ ಗೊತ್ತಾದರೆ ಅಟ್ಟ ತುಂಬೋಕೆ ಸಮಯ ಸಿಗುತ್ತದೆ.

ಇಷ್ಟಾದರೂ ಒಂದು ಗಂಟು ಬಿಚ್ಚಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ನ್ಯೂ ಇಂಗ್ಲೆಂಡಿನಲ್ಲಿ ಇಡೀ ಪ್ರದೇಶಕ್ಕೆ ಬೇಕಾದ ದೊಡ್ಡ ಲೈನ್ ಎಲ್ಲೇ ಎಳೆದರೂ ಖರ್ಚನ್ನು ಆರು ರಾಜ್ಯಗಳೂ ಬಳಕೆಯ ಪ್ರಕಾರ ಹಂಚಿಕೊಳ್ಳುತ್ತವೆ. ವರ್ಮಾಂಟಿನ ಪಾಲು ನೂರಕ್ಕೆ ಸುಮಾರು 4. ವರ್ಮಾಂಟಿನಲ್ಲಿ 10 ಕೋಟಿ ಡಾಲರಿನ ಲೈನ್ ಬಂದರೆ ಅವರು ಕೊಡೋದು 40 ಲಕ್ಷ ಡಾಲರ್. ಅದೇ ತೊಂದರೆ 3 ಕೋಟಿಯ ಉಳಿತಾಯದಿಂದ ತಪ್ಪುತ್ತದೆ ಅನ್ನಿ. ಆ 3 ಕೋಟಿ ಪೂರ್ತಿ ವರ್ಮಾಂಟಿನವರ ಜೇಬಿನಿಂದಲೇ. ಆರೂ ರಾಜ್ಯಕ್ಕೆ ಸೇರಿಸಿ ನೋಡಿದರೆ ಉಳಿತಾಯ ಅಗ್ಗ, ವರ್ಮಾಂಟಿಗೆ ಮಾತ್ರ ಲೈನೇ ಅಗ್ಗ. ಊರೆಲ್ಲ ಬಿಲ್ ಹಂಚಿಕೊಳ್ಳುತ್ತದೆ ಅಂದರೆ ಯಾರು ತಾನೆ ಬರೀ ಇಡ್ಲಿ ತಿಂದು ಏಳುತ್ತಾರೆ? 2011ರ ಜುಲೈನಲ್ಲಿ ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗ 1000 ಅನ್ನುವ ಸಂಖ್ಯೆಯ ಆದೇಶ ಹೊರಡಿಸಿತು. ಲೈನ್ ಯೋಜನೆ ಮಾಡುವಾಗ ಲೈನಲ್ಲದ ಉಪಾಯಗಳನ್ನೂ ಸರಿಸಮನಾಗಿ ನೋಡಿ ಅಂತ ಅದರಲ್ಲಿತ್ತು. ಆದರೆ ಅಂಥ ಉಪಾಯದ ಖರ್ಚನ್ನು ಲೈನಿನ ಥರ ಹಂಚಿಕೊಳ್ಳಿ ಅಂತ ಇರಲಿಲ್ಲ. ನೋಡಿ ಅಂದರು, ದುಡ್ಡು ಕೊಡಿ ಅನ್ನಲಿಲ್ಲ.

ಹಾಗಿದ್ದೂ ಕೆಲವರು ಮಾಡಿ ತೋರಿಸಿದರು. ಮೇನ್ ಕರಾವಳಿಯ ಬೂತ್‌ಬೇ ಅನ್ನುವ ಕಡೆ ಬೇಸಿಗೆ ಪ್ರವಾಸಿಗಳ ಭಾರಕ್ಕೆ 1.8 ಕೋಟಿ ಡಾಲರಿನ ಲೈನ್ ಬೇಕಾಗಿತ್ತು. ಅದರ ಬದಲು ಎಲ್‌ಇಡಿ, ಸೋಲಾರ್, ಬ್ಯಾಟರಿ, ರಾತ್ರಿ ಐಸ್ ಕಟ್ಟಿ ಹಗಲು ಅದರಿಂದ ತಂಪು ಮಾಡುವ ಎಸಿ, ಒಂದು ಡೀಸೆಲ್ ಜನರೇಟರ್ ಇಟ್ಟು ಸುಮಾರು 2 ಮೆಗಾವಾಟ್ ಹೊಂದಿಸಿದರು. ಖರ್ಚು ತುಂಬ ಕಮ್ಮಿ. ಕಾಯುತ್ತಿದ್ದ ಬೇಡಿಕೆ ಕೊನೆಗೂ ಬರಲಿಲ್ಲ, 2018ರಲ್ಲಿ ಆ ಏರ್ಪಾಡನ್ನೂ ಮುಗಿಸಿದರು. ಲೈನ್ ಎಳೆದಿದ್ದರೆ ಅದನ್ನು ಹೀಗೆ ಮಡಚಿ ಇಡೋಕೆ ಆಗುತ್ತಿರಲಿಲ್ಲ.

ಈಗ ಕಥೆ ತಿರುಗಿದೆ. ಎಲ್‌ಇಡಿ ಎಲ್ಲರ ಮನೆಗೆ ಬಂದಾಯಿತು, ಬಲ್ಬಿನಿಂದ ಹೊಸದಾಗಿ ಉಳಿಸೋಕೆ ಜಾಸ್ತಿ ಏನಿಲ್ಲ. ಅತ್ತ ಎಣ್ಣೆ, ಗ್ಯಾಸಿನ ಬದಲು ಕರೆಂಟಿನಲ್ಲೇ ಮನೆ ಬೆಚ್ಚಗೆ ಮಾಡುವ ಹೀಟ್ ಪಂಪ್, ಕರೆಂಟ್ ಕಾರು ಬರುತ್ತಿವೆ. 2020ರಿಂದ ಐಎಸ್‌ಒ ಇವುಗಳ ಏರಿಕೆಯನ್ನೂ ಬೇಡಿಕೆಯ ಅಂದಾಜಿಗೆ ಸೇರಿಸುತ್ತಿದೆ. 2024ರ ಫೆಬ್ರವರಿಯಲ್ಲಿ ಅದು 2050ರ ಲೈನುಗಳ ಅಧ್ಯಯನ ಹೊರತಂದಿತು. ಆಗಿನ ಪೀಕ್ ಬೇಸಿಗೆಯಲ್ಲಿ ಬರಲ್ಲ, ಚಳಿಗಾಲದಲ್ಲಿ ಬರುತ್ತದೆ. 57,000 ಮೆಗಾವಾಟ್ ಆದರೆ ಲೈನ್ ಖರ್ಚು 2,300ರಿಂದ 2,600 ಕೋಟಿ ಡಾಲರ್. ಅದೇ ಪೀಕನ್ನು 51,000ಕ್ಕೆ ಹಿಡಿದರೆ 1,600ರಿಂದ 1,700 ಕೋಟಿ. ಪೀಕ್ ಇಳಿದದ್ದು ನೂರಕ್ಕೆ ಹತ್ತು ಇರಬಹುದು, ಖರ್ಚು ಇಳಿದದ್ದು ಸುಮಾರು ಮೂರನೇ ಒಂದು ಪಾಲು. ಕೊನೆಯ ಕೆಲವು ಸಾವಿರ ಮೆಗಾವಾಟಿಗೆ ಎಳೆಯುವ ಲೈನುಗಳೇ ಅಷ್ಟು ದುಬಾರಿ.

ಅಕ್ಕನ ಮನೆಗೆ ಈಗ ಎಣ್ಣೆಯ ಬಾಯ್ಲರ್. ಹಾಗಾಗಿ ಆ ಅಟ್ಟ ಚಳಿಗಾಲದಲ್ಲಿ ಉಳಿಸುತ್ತಿರೋದು ಎಣ್ಣೆಯನ್ನು. ಕರೆಂಟಿನ ಪಟ್ಟಿಯಲ್ಲಿ ಅದಕ್ಕೆ ಸಿಗುವ ಅಂಕ ಬೇಸಿಗೆಯ ಎಸಿಯದಷ್ಟೇ. ಬಾಯ್ಲರ್ ಕೆಟ್ಟರೆ ಹೀಟ್ ಪಂಪ್ ಹಾಕಿಸೋಣ ಅಂತ ಭಾವ ಹೇಳುತ್ತಿದ್ದರು. ಹಾಕಿಸಿದ ದಿನ ಅಟ್ಟದ ಆ ಬೂದು ಚೂರು ಇದ್ದಕ್ಕಿದ್ದ ಹಾಗೆ ಜನವರಿಯ ಪೀಕ್ ಇಳಿಸೋಕೆ ಶುರು ಮಾಡುತ್ತದೆ. ಯಾವಾಗಲೋ ತುಂಬಿಸಿ, ಎಣ್ಣೆಯ ಉಳಿತಾಯ ಅಂತ ಬರೆದು ಮುಗಿಸಿದ ಅಟ್ಟ ಅದು. ಆಗ ಅದನ್ನು ಯಾವ ವರ್ಷದ, ಯಾವ ಕಾಲಮ್ಮಿಗೆ ಹಾಕುತ್ತಾರೋ ನೋಡಬೇಕು.